ಅತಂತ್ರ ವಿಧಾನಸಭೆ ಬಂದಾಗ ಎದುರಾಳಿ ಪಕ್ಷಗಳು ರಾಜಿಯಾಗಬೇಕೋ, ಪಟ್ಟು ಹಿಡಿಯಬೇಕೋ?

ಯಾರಿಗೂ ಬಹುಮತ ಇಲ್ಲದಿದ್ದರೆ ರಾಜಿ ಆಗಲೇಬೇಕು. ಆದರೆ ಕಾರ್ಯಕ್ರಮದ ಮೇಲೆ, ಬರಹದಲ್ಲಿ, ಪ್ರಮಾಣವಚನಕ್ಕೆ ಮುಂಚೆ. ಕುರ್ಚಿ ಹಂಚಿಕೆಯಷ್ಟೇ ರಾಜಿಯಾದರೆ ಅದು ಉಳಿಯುವುದಿಲ್ಲ.

ಕರ್ನಾಟಕದ್ದೇ ಉದಾಹರಣೆ ನೋಡಿ. 2006ರ ಫೆಬ್ರವರಿಯಲ್ಲಿ ಜೆಡಿಎಸ್‌ ಮತ್ತು ಬಿಜೆಪಿ ತಲಾ 20 ತಿಂಗಳ ಅಧಿಕಾರಕ್ಕೆ ಒಪ್ಪಿದವು. ಮೊದಲ ಸರದಿ ಕುಮಾರಸ್ವಾಮಿಯವರದು. 2007ರ ಅಕ್ಟೋಬರ್‌ನಲ್ಲಿ ಹಸ್ತಾಂತರದ ಹೊತ್ತು ಬಂದಾಗ ಮಾತು ಮುರಿಯಿತು. ನವೆಂಬರ್ 12ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು, ಜೆಡಿಎಸ್‌ ಬೆಂಬಲ ಕೊಡದ್ದರಿಂದ 19ಕ್ಕೆ ರಾಜೀನಾಮೆ ಕೊಟ್ಟರು. ಇಂಥ ಒಪ್ಪಂದದ ದೋಷ ಎದ್ದು ಕಾಣುತ್ತದೆ: ಮೊದಲು ಕೂತವರಿಗೆ ಪೂರ್ತಿ ಲಾಭ, ಕಾದವರಿಗೆ ಬರೀ ಭರವಸೆ. ಮಾತು ತಪ್ಪಿದರೆ ಕೋರ್ಟಿಗೆ ಹೋಗಿ ಕುರ್ಚಿ ಪಡೆಯಲಾಗದು.

2018ರ ಕಾಂಗ್ರೆಸ್‌–ಜೆಡಿಎಸ್‌ ಮೈತ್ರಿಗೆ ಸಮನ್ವಯ ಸಮಿತಿಯೂ ಇತ್ತು. ಆದರೂ ಶಾಸಕರ ರಾಜೀನಾಮೆಗಳ ನಂತರ 2019ರ ಜುಲೈ 23ರಂದು ವಿಶ್ವಾಸಮತ 99–105ರಲ್ಲಿ ಬಿತ್ತು. ನಾಯಕರು ಮೇಲೆ ಕೈ ಕುಲುಕಿದರೆ ಸಾಲದು. ಕ್ಷೇತ್ರದಲ್ಲಿ ವರ್ಷಗಟ್ಟಲೆ ಹೊಡೆದಾಡಿದ ಕಾರ್ಯಕರ್ತರನ್ನೂ ಒಪ್ಪಿಸಬೇಕು. ಜರ್ಮನಿಯ ಎಸ್‌ಪಿಡಿ ಪಕ್ಷ 2018ರಲ್ಲಿ ಮೈತ್ರಿ ಒಪ್ಪಂದವನ್ನು ತನ್ನ ಸದಸ್ಯರ ಮತಕ್ಕೇ ಹಾಕಿತ್ತು. ನಮ್ಮಲ್ಲೂ ಇದು ಬರಬೇಕು.

ಬಜೆಟ್, ಖಾತೆ ಹಂಚಿಕೆ, ಯೋಜನೆಗಳ ಗಾತ್ರದಲ್ಲಿ ಬಗ್ಗಬಹುದು. ಮತದಾರರಿಗೆ ಕೊಟ್ಟ ಮುಖ್ಯ ಎರಡು-ಮೂರು ಮಾತುಗಳಲ್ಲಿ ಬಗ್ಗಬಾರದು. ಅವನ್ನೂ ಬಿಡಬೇಕಾದರೆ ವಿರೋಧ ಪಕ್ಷದಲ್ಲಿ ಕೂತು, ವಿಷಯಾಧಾರಿತ ಬೆಂಬಲ ಕೊಡುವುದೇ ವಾಸಿ.