ಕೆಲಸ ಬೇಗ ಮುಗಿಸಿದರೂ ಆಕ್ಷೇಪವೇ?

ಲಂಡನ್ನಿನ ದೊಡ್ಡ ಕಾನೂನು ಸಂಸ್ಥೆಗೆ ಹೊಸದಾಗಿ ಸೇರಿದ್ದೀರಿ. ಕೊಟ್ಟ ಕೆಲಸವನ್ನು ಎಲ್ಲರಿಗಿಂತ ಬೇಗ ಮುಗಿಸಿದರೂ ‘ನಿಮ್ಮ ಗಂಟೆಗಳು ಕಡಿಮೆ’ ಎಂದು ಮೇಲಿನವರು ಆಕ್ಷೇಪಿಸಿದ್ದಾರೆ, ಇದು ಯಾವ ನ್ಯಾಯ ಎಂದು ಕೇಳಿದ್ದೀರಿ. ನ್ಯಾಯವಲ್ಲ, ವ್ಯಾಪಾರ. ನಾನು ವಕೀಲನಲ್ಲ, ಇಂಥದ್ದೇ ಸಂಸ್ಥೆಯ ಹಣಕಾಸು ವಿಭಾಗದಲ್ಲಿ ಬಹುಕಾಲದಿಂದ ಬಿಲ್ಲುಗಳನ್ನು ನೋಡುತ್ತಿರುವವನು. ಹಾಗಾಗಿ ನಿಮ್ಮ ಹಿರಿಯರು ಬಾಯಿಬಿಟ್ಟು ಹೇಳದ್ದನ್ನು ನಾನು ಹೇಳಬಲ್ಲೆ.

ಕಕ್ಷಿದಾರರಿಗೆ ನಾವು ಬಿಲ್ ಹಾಕುವುದು ವಕೀಲರು ಕೆಲಸ ಮಾಡಿದ ಗಂಟೆಗಳಿಗೆ. ಇಲ್ಲಿ ಗಂಟೆಯನ್ನು ಹತ್ತು ಭಾಗ ಮಾಡಿ, 6 ನಿಮಿಷಕ್ಕೊಂದು ಯೂನಿಟ್ ಎಂದು ಲೆಕ್ಕ ಹಿಡಿಯುತ್ತಾರೆ. ನೀವು ದಾಖಲಿಸಿದ್ದೆಲ್ಲ ಹಣವಾಗುವುದಿಲ್ಲ. ಒಂದಿಷ್ಟನ್ನು ಬಿಲ್ ಕಳುಹಿಸುವ ಮೊದಲೇ ಪಾಲುದಾರರು, ಅಂದರೆ ಸಂಸ್ಥೆಯ ಮೇಲಿನ ಸ್ಥಾನದ ವಕೀಲರು, ಹೊಡೆದುಹಾಕುತ್ತಾರೆ, ಇನ್ನೊಂದಿಷ್ಟು ಕಕ್ಷಿದಾರರ ಚೌಕಾಸಿಯಲ್ಲಿ ಹೋಗುತ್ತದೆ. ‘ಕಡತ ಪರಿಶೀಲನೆ, 3 ಗಂಟೆ’ ಎಂದು ಬರೆದರೆ ಬ್ಯಾಂಕಿನಂಥ ಕಕ್ಷಿದಾರರು ಆ ಸಾಲನ್ನೇ ವಾಪಸು ಕಳುಹಿಸಿಯಾರು. ‘ಸಾಲ ಒಪ್ಪಂದದ ಭದ್ರತಾ ಷರತ್ತುಗಳಿಗೆ ಎದುರು ಪಕ್ಷ ಸೂಚಿಸಿದ ತಿದ್ದುಪಡಿಗಳನ್ನು ಓದಿ ಉತ್ತರ ಸಿದ್ಧಪಡಿಸಿದ್ದು, 1.4 ಗಂಟೆ’ ಎಂದು ಬರೆದರೆ ಹಣ ಬರುತ್ತದೆ. ಅದನ್ನೂ ಅಂದಂದೇ ಬರೆಯಿರಿ. ಶುಕ್ರವಾರ ಸಂಜೆ ಕುಳಿತು ಸೋಮವಾರವನ್ನು ನೆನಪಿಸಿಕೊಳ್ಳುವವರ ಗಂಟೆಗಳು ಯಾವಾಗಲೂ ಸೋರಿರುತ್ತವೆ.

ನನಗೆ ಅನುಮಾನ ಇರುವುದು ಇನ್ನೊಂದರ ಮೇಲೆ. ‘ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತೇ’ ಎಂಬ ಸಂಕೋಚದಿಂದ ಹೊಸಬರು ತಾವೇ ಕಡಿಮೆ ಬರೆಯುತ್ತಾರೆ. ಬೇಡ. ಎಷ್ಟು ಹೊಡೆದುಹಾಕಬೇಕು ಎಂಬುದು ಪಾಲುದಾರರ ತಲೆನೋವು. ನೀವು ಮುಚ್ಚಿಟ್ಟರೆ ಮುಂದಿನ ಕೆಲಸಕ್ಕೆ ನಾವು ಹೇಳುವ ದರವೂ ತಪ್ಪುತ್ತದೆ. ಹಾಗೆಂದು ಮಾಡದ ಕೆಲಸಕ್ಕೆ ಗಂಟೆ ಸೇರಿಸಿದಿರೋ, ಇಲ್ಲಿನ ವಕೀಲರ ನೋಂದಣಿಯಾದ ಸಾಲಿಸಿಟರ್ ಪಟ್ಟಿಯಿಂದ ಹೆಸರೇ ಹೋದೀತು. ನಿಜವಾಗಿಯೂ ಕೈ ಖಾಲಿ ಇದ್ದರೆ ಪಾಲುದಾರರ ಬಾಗಿಲು ತಟ್ಟಿ ಕೆಲಸ ಕೇಳಿ. ತಾನಾಗಿ ಬರಲೆಂದು ಕಾಯುವ ಸಭ್ಯತೆ ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲರೂ ಪರಸ್ಪರ ಹೆಸರು ಹಿಡಿದೇ ಕರೆಯುವುದರಿಂದ ಮೇಲುಕೀಳಿಲ್ಲ ಎಂದುಕೊಂಡಂತಿದೆ. ಪಾಲುದಾರರಲ್ಲೇ ಎರಡು ಬಗೆ. ಕೆಲವರಿಗೆ ಲಾಭದಲ್ಲಿ ಪಾಲು, ಕೆಲವರಿಗೆ ಹೆಸರು ಮತ್ತು ಸಂಬಳ. ಪಾಲು ಸಿಕ್ಕವರು ಸಂಸ್ಥೆಗೆ ಬಂಡವಾಳವನ್ನೂ ಹಾಕಬೇಕು. ಬಹಳಷ್ಟು ಜನ ಅದಕ್ಕೆ ಬ್ಯಾಂಕ್ ಸಾಲ ಮಾಡುತ್ತಾರೆ. ಅನೇಕ ಸಂಸ್ಥೆಗಳ ಲೆಕ್ಕದ ವರ್ಷ ಏಪ್ರಿಲ್ 30ಕ್ಕೆ ಮುಗಿಯುವುದರಿಂದ, ಆ ತಿಂಗಳು ಅವರು ಸಿಡುಕಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಾಕಿ ವಸೂಲಿಯ ಕಾಲ ಅದು.

ಅಮೆರಿಕನ್ ಸಂಸ್ಥೆಯೊಂದು ಹೆಚ್ಚು ಸಂಬಳದ ಆಸೆ ತೋರಿಸುತ್ತಿದೆ ಎಂದಿರಿ. ಲಂಡನ್ನಿನ ಹಳೆಯ ಸಂಸ್ಥೆಗಳಲ್ಲಿ ಪಾಲುದಾರರ ಪಾಲು ಸೇವಾವಧಿಯೊಂದಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಹಲವು ಅಮೆರಿಕನ್ ಸಂಸ್ಥೆಗಳಲ್ಲಿ ಕಕ್ಷಿದಾರರನ್ನು ತಂದವರಿಗೇ ಸಿಂಹಪಾಲು. ಅವರ ಪೈಪೋಟಿಯಿಂದ ಇಲ್ಲಿನ ಮೆಟ್ಟಿಲೂ ಸಡಿಲವಾಗಿದೆ. ಹೆಸರುವಾಸಿ ವಕೀಲರಿಗೆ ಖಚಿತ ಮೊತ್ತದ ಭರವಸೆಗಳನ್ನು ಕೊಟ್ಟು, ಅದನ್ನು ತೀರಿಸುವಷ್ಟು ಗಳಿಕೆಯೂ ಇಲ್ಲದೆ, ನ್ಯೂಯಾರ್ಕಿನ ಕಾನೂನು ಸಂಸ್ಥೆ ಡ್ಯೂಯಿ ಅಂಡ್ ಲೆಬೋಫ್ 2012ರಲ್ಲಿ ದಿವಾಳಿಯಾಯಿತು. ಹೋಗಬೇಡಿ ಎನ್ನುತ್ತಿಲ್ಲ. ಸಂಬಳದ ಜೊತೆಗೆ ವರ್ಷಕ್ಕೆ ಎಷ್ಟು ಬಿಲ್ ಆಗುವ ಗಂಟೆಗಳ ಗುರಿ ಇದೆ, ನಿಮಗೆ ಕೆಲಸ ಕೊಡಬೇಕಾದ ಪಾಲುದಾರರು ಅಲ್ಲಿಗೆ ಬಂದು ಎಷ್ಟು ಕಾಲವಾಯಿತು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.