ನಾಚುವ ಅಕ್ಕ, ನುಗ್ಗುವ ತಮ್ಮ

ನೆಂಟರು ಬಂದರೆ ಮಗಳು ಬಾಗಿಲ ಹಿಂದೆ ನಿಲ್ಲುತ್ತಾಳೆ, ಮಗ ಅವರ ಚೀಲವನ್ನೇ ತಡಕುತ್ತಾನೆ. ಬೆಳೆಸಿದ್ದರಲ್ಲಿ ಎಡವಿದೆವೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಒಡಹುಟ್ಟಿದವರಲ್ಲೂ ವಂಶವಾಹಿಗಳು ಹೊಂದುವುದು ಸರಾಸರಿ ಅರ್ಧದಷ್ಟೇ. 1956ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ಸ್ವಭಾವದ ಅಧ್ಯಯನ ಆರಂಭಿಸಿದ ಥಾಮಸ್ ಮತ್ತು ಚೆಸ್ ದಂಪತಿ, ನಿಧಾನವಾಗಿ ಹೊಂದಿಕೊಳ್ಳುವವರದೇ ಒಂದು ಗುಂಪನ್ನು ಗುರುತಿಸಿದ್ದರು.

ನಮ್ಮ ಮನೆಯಲ್ಲಿ ದೊಡ್ಡವನು ಚಕ್ಕುಲಿಯನ್ನು ಒಂದೊಂದೇ ಸುತ್ತು ಮುರಿದು ತಿನ್ನುತ್ತಾನೆ. ಚಿಕ್ಕವಳು ತನ್ನದನ್ನು ಗಬಕ್ಕನೆ ಮುಗಿಸಿ ಅವನ ಪಕ್ಕ ಬಂದು ಕೂರುತ್ತಾಳೆ, ಬಹಳ ಪ್ರೀತಿಯಿಂದ!

ಮಗಳನ್ನು ‘ನಮಸ್ಕಾರ ಮಾಡು ಬಾ’ ಎಂದು ಎಳೆದು ತರಬೇಡಿ. ನೆಂಟರಿಗೆ ನೀರು ಕೊಡುವ ಕೆಲಸ ವಹಿಸಿ ನೋಡಿ. ಕೈಗೆ ಕೆಲಸವಿದ್ದರೆ ಸಂಕೋಚ ಕಡಿಮೆ. ತಮ್ಮನೊಂದಿಗೆ ಹೋಲಿಕೆಯಂತೂ ಬೇಡವೇ ಬೇಡ. ಅಜ್ಜಿಯರಿಗೂ ಇದನ್ನು ಮೆಲ್ಲಗೆ ಹೇಳಿಡಿ.