ಭಾವನ ಮೂಗು ಮುರಿಯುವಿಕೆಯ ಬಗ್ಗೆ

ಪುಣೆಯಿಂದ ವಿಜಯಪುರ ಜಿಲ್ಲೆಯ ತಿಕೋಟಾಕ್ಕೆ ಬಂದ ಭಾವ ನೀವು ತಂದಿಟ್ಟ ವೈನಿನ ಬೆಲೆ ನೋಡಿಯೇ ಮೂಗು ಮುರಿದರು, ನಿಮ್ಮ ಕಡೆಯ ದ್ರಾಕ್ಷಿಯನ್ನೂ ಹಳಿದರು, ವೈನ್ ಎಂದರೆ ಜನ ಯಾಕೆ ಹೀಗಾಡುತ್ತಾರೆ ಎಂದು ಕೇಳಿದ್ದೀರಿ.

ನನ್ನ ಪ್ರಕಾರ ಇದು ಅರ್ಧ ಅಂಜಿಕೆ. ತನ್ನ ನಾಲಿಗೆಯ ಮೇಲೆ ನಂಬಿಕೆ ಇಲ್ಲದವನಿಗೆ ಬಾಟಲಿಯ ಮೇಲಿನ ಚೀಟಿ, ವರ್ಷ, ಬೆಲೆಗಳೇ ಆಸರೆ. ಫ್ರಾನ್ಸಿನ ಬೋರ್ಡೊದಲ್ಲಿ ಫ್ರೆಡರಿಕ್ ಬ್ರೋಶೆ ಎಂಬ ಸಂಶೋಧಕರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಂದೇ ವೈನನ್ನು 10 ಡಾಲರಿನದೆಂದೂ 90 ಡಾಲರಿನದೆಂದೂ ಹೇಳಿ ಕುಡಿಸಿದರು. 90 ಎಂದಾಗ ರುಚಿ ಹೆಚ್ಚೆಂದರು. ಮೆದುಳಿನಲ್ಲಿ ಸುಖ ದಾಖಲಾಗುವ ಭಾಗವೂ ಹೆಚ್ಚು ಚುರುಕಾಗಿತ್ತು. ಹಾಗಾಗಿ ನಿಮ್ಮ ಭಾವ ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ಹಾಗೇ ಅನ್ನಿಸಿರಬಹುದು!

‘ನಿಮ್ಮ ದ್ರಾಕ್ಷಿ ವೈನಿನದಲ್ಲ’ ಎಂದ ಅವರ ಮಾತಿನಲ್ಲಿ ಹುರುಳಿದೆ. ನಮ್ಮ ಕಡೆಯ ಥಾಮ್ಸನ್ ಎಂಬ ಬೀಜವಿಲ್ಲದ ದ್ರಾಕ್ಷಿ ತಿನ್ನಲು, ಒಣಗಿಸಲು ಬೆಳೆದದ್ದು. ಕೆಂಪು ವೈನಿಗೆ ಸಾಮಾನ್ಯವಾಗಿ ಬೀಜವಿರುವ, ದಪ್ಪ ಸಿಪ್ಪೆಯ ಸಣ್ಣ ಹಣ್ಣು ಬೇಕು. ಆದರೆ ತಿಳಿದವರು ಹೀಗೆ ಜರೆಯುವುದಿಲ್ಲ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಬಣ್ಣ ನೋಡಿ, ಬೆರಳಲ್ಲಿ ಒತ್ತಿ ದರ್ಜೆ ಹೇಳುತ್ತಾನೆ. ಕಡಿಮೆ ದರ್ಜೆಯ ಕಂದು ಕಾಳು ತಿನ್ನುವವನನ್ನು ಹಂಗಿಸುವುದಿಲ್ಲ.

ಮುಂದಿನ ಸಲ ಬಾಟಲಿಗಳಿಗೆ ಕಾಗದ ಸುತ್ತಿ ಬಡಿಸಿ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮರೆಮಾಡಿ ರುಚಿ ನೋಡಿದ ಫ್ರೆಂಚ್ ತೀರ್ಪುಗಾರರು ಕೆಂಪು, ಬಿಳಿ ಎರಡರಲ್ಲೂ ತಮ್ಮ ದೇಶದ ವೈನನ್ನು ಬಿಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದ ವೈನಿಗೇ ಮೊದಲ ಸ್ಥಾನ ಕೊಟ್ಟುಬಿಟ್ಟಿದ್ದರು. ಆದರೆ ಅಕ್ಕನ ಎದುರಿಗೆ ಮಾತ್ರ ಬೇಡ.